ಶುಗರ್ ಇರುವವರ ಭುಜ ಯಾಕೆ ಬಿಗಿದುಕೊಳ್ಳುತ್ತದೆ? ಫ್ರೋಜನ್ ಶೋಲ್ಡರ್ ಮತ್ತು ಕೀಲುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಕ್ಕರೆ ಕಾಯಿಲೆ ಇದೆ ಎಂದ ಕೂಡಲೇ ಕಣ್ಣು ತೋರಿಸಿ, ಕಿಡ್ನಿ ಪರೀಕ್ಷೆ ಮಾಡಿಸಿ, ಪಾದ ನೋಡಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಭುಜದ ಮಾತು ಎತ್ತುವವರು ಕಡಿಮೆ. ನನಗೂ ಯಾರೂ ಹೇಳಿರಲಿಲ್ಲ. ಶುಗರ್ ಬಂದು ಎಂಟು ವರ್ಷವಾದ ಮೇಲೆ ನನ್ನ ಎಡ ಭುಜ ಬಿಗಿಯತೊಡಗಿತು. ಎಲ್ಲೋ ಉಳುಕಿರಬೇಕು ಎಂದುಕೊಂಡು ನಾಲ್ಕು ತಿಂಗಳು ಕಳೆದೆ. ಆ ನಾಲ್ಕು ತಿಂಗಳು ಬೇರೆ ಯಾರಿಗೂ ಹಾಗೆ ವ್ಯರ್ಥವಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಜನ ನನ್ನನ್ನು ಕೇಳಿದ ಪ್ರಶ್ನೆಗಳು, ನಾನೇ ಡಾಕ್ಟರನ್ನೂ ಫಿಸಿಯೋಥೆರಪಿಸ್ಟರನ್ನೂ ಕೇಳಿದ ಪ್ರಶ್ನೆಗಳು ಎರಡೂ ಇಲ್ಲಿವೆ. ನಿಮಗೆ ಯಾವ ಚಿಕಿತ್ಸೆ ಸರಿ ಎಂದು ಹೇಳಬೇಕಾದವರು ಮಾತ್ರ ನಿಮ್ಮ ಭುಜ ಮುಟ್ಟಿ ನೋಡುವ ಡಾಕ್ಟರೇ.

ಫ್ರೋಜನ್ ಶೋಲ್ಡರ್ ಎಂದರೆ ನಿಜವಾಗಿ ಏನಾಗಿರುತ್ತದೆ?

ಭುಜದ ಕೀಲಿನ ಸುತ್ತ ತೆಳುವಾದ ಒಂದು ಚೀಲ ಇದೆ. ಅದು ಸಡಿಲವಾಗಿರುತ್ತದೆ. ಕಂಕುಳ ಕಡೆ ನೆರಿಗೆಯಂತೆ ಮಡಚಿಕೊಂಡಿರುತ್ತದೆ. ನೀವು ಕೈ ಮೇಲೆತ್ತಿದಾಗ ಆ ನೆರಿಗೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಭುಜ ಇಷ್ಟು ಸಲೀಸಾಗಿ ಎಲ್ಲ ಕಡೆ ತಿರುಗುವುದು.

ಈ ಕಾಯಿಲೆಯಲ್ಲಿ ಆ ಚೀಲಕ್ಕೆ ಮೊದಲು ಉರಿಯೂತ ಬರುತ್ತದೆ. ಆಮೇಲೆ ಅದು ದಪ್ಪವಾಗುತ್ತದೆ, ಕುಗ್ಗುತ್ತದೆ. ಬಿಚ್ಚಿಕೊಳ್ಳಬೇಕಾದ ನೆರಿಗೆಯೇ ಉಳಿಯುವುದಿಲ್ಲ. ಸಾಮಾನ್ಯವಾಗಿ ಮೂಳೆ ಸವೆದಿರುವುದಿಲ್ಲ, ನರ ಎಲ್ಲೂ ಸಿಕ್ಕಿಹಾಕಿಕೊಂಡಿರುವುದಿಲ್ಲ. ಚೀಲ ಚಿಕ್ಕದಾಗಿದೆ, ಅಷ್ಟೇ. ಆದರೆ ಆ 'ಅಷ್ಟೇ' ಸಾಕು, ಬೆನ್ನ ಹಿಂದೆ ಕೈ ಹಾಕಲಾಗದೆ ಕಣ್ಣಲ್ಲಿ ನೀರು ಬರುವುದಕ್ಕೆ.

ಈ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಸರ್ಜನ್ ಕಾಡ್‌ಮನ್, 1934ರಲ್ಲಿ. 1945ರಲ್ಲಿ ನೆವಿಯಾಸರ್ ಎಂಬ ಇನ್ನೊಬ್ಬ ವೈದ್ಯರು ಚೀಲದಲ್ಲಿ ಆಗುವ ಬದಲಾವಣೆಯನ್ನು ವಿವರಿಸಿ 'ಅಡ್ಹೆಸಿವ್ ಕ್ಯಾಪ್ಸುಲೈಟಿಸ್' ಎಂದು ಕರೆದರು. ನಿಮ್ಮ ಚೀಟಿಯಲ್ಲಿ ಈ ಹೆಸರಿದ್ದರೆ ಗಾಬರಿ ಬೇಡ, ಎರಡೂ ಒಂದೇ. 'ಫ್ರೋಜನ್' ಎಂದ ಮಾತ್ರಕ್ಕೆ ಚಳಿಗೂ ಫ್ಯಾನಿನ ಗಾಳಿಗೂ ಇದಕ್ಕೂ ಸಂಬಂಧವಿಲ್ಲ.

ಶುಗರ್‌ಗೂ ಭುಜಕ್ಕೂ ಏನು ಸಂಬಂಧ?

ಇದು ಅರ್ಥವಾದ ದಿನ ನನ್ನ ಕಾಯಿಲೆಯನ್ನು ನೋಡುವ ರೀತಿಯೇ ಬದಲಾಯಿತು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಚ್‌ಬಿಎ1ಸಿ ಪರೀಕ್ಷೆ ನಿಮಗೆ ಗೊತ್ತಿರುತ್ತದೆ. ರಕ್ತದಲ್ಲಿರುವ ಸಕ್ಕರೆ ಹಿಮೋಗ್ಲೋಬಿನ್‌ಗೆ ಎಷ್ಟು ಅಂಟಿಕೊಂಡಿದೆ ಎಂದು ಅದು ಅಳೆಯುತ್ತದೆ. ಸಕ್ಕರೆ ಅಂಟುವುದು ಹಿಮೋಗ್ಲೋಬಿನ್‌ಗೆ ಮಾತ್ರ ಅಲ್ಲ. ಕೀಲಿನ ಚೀಲ, ಸ್ನಾಯುವಿನ ತುದಿಯ ದಾರ, ಚರ್ಮ ಇವೆಲ್ಲ ಕೊಲಾಜನ್ ಎಂಬ ನಾರಿನಿಂದ ಆಗಿವೆ. ಸಕ್ಕರೆ ಅದಕ್ಕೂ ಅಂಟುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನಕ್ಕೆ ಹೋಗಿ ಹೊಸದು ಬರುತ್ತದೆ. ಕೊಲಾಜನ್ ಹಾಗಲ್ಲ, ಅದು ವರ್ಷಗಟ್ಟಲೆ ಉಳಿಯುತ್ತದೆ. ಅಂಟಿದ ಸಕ್ಕರೆ ನಿಧಾನವಾಗಿ ಒಂದು ನಾರನ್ನು ಇನ್ನೊಂದಕ್ಕೆ ಕಟ್ಟಿಹಾಕುತ್ತದೆ. ಮೆತ್ತಗೆ ಹಿಗ್ಗಬೇಕಾದ ನಾರು ಗಟ್ಟಿಯಾಗುತ್ತದೆ. ಇದರ ಜೊತೆಗೆ ಉರಿಯೂತವೂ ಸೇರಿದರೆ ಚೀಲ ಕುಗ್ಗುವುದಕ್ಕೆ ಬೇಕಾದ್ದೆಲ್ಲ ಒಂದೇ ಕಡೆ ಸಿಕ್ಕಂತಾಯಿತು. ಇದೊಂದೇ ಕಾರಣ ಎಂದಲ್ಲ, ಆದರೆ ಮುಖ್ಯವಾದ ಎಳೆ ಇದು.

ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಫ್ರೋಜನ್ ಶೋಲ್ಡರ್ ಬರುತ್ತದೆ. ಶುಗರ್ ಇರುವವರಲ್ಲಿ ಇದು ನೂರಕ್ಕೆ ಸುಮಾರು 10ರಿಂದ 20. ಟೈಪ್ 1, ಟೈಪ್ 2 ಎರಡರಲ್ಲೂ ಬರುತ್ತದೆ. ಶುಗರ್ ಬಂದು ಹೆಚ್ಚು ವರ್ಷವಾದಷ್ಟೂ ಸಾಧ್ಯತೆ ಜಾಸ್ತಿ.

ನನ್ನ ಶುಗರ್ ಕಂಟ್ರೋಲ್‌ನಲ್ಲೇ ಇದೆ. ಆದರೂ ಯಾಕೆ ಬಂತು?

ಈಗಿನ ರೀಡಿಂಗ್ ಹೇಳುವುದು ಈಗಿನ ಕಥೆ. ಚೀಲದ ನಾರಿನಲ್ಲಿ ಹಳೆಯ ವರ್ಷಗಳ ಲೆಕ್ಕವೂ ಉಳಿದಿರುತ್ತದೆ. ನೀವು ಏನೋ ತಪ್ಪು ಮಾಡಿದ್ದಕ್ಕೇ ಬಂತು ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಚೆನ್ನಾಗಿ ನೋಡಿಕೊಂಡವರಿಗೂ ಬರುತ್ತದೆ.

ಶುಗರ್ ಇಲ್ಲ ಎಂದುಕೊಂಡವರಿಗೆ ಭುಜ ಬಿಗಿದುಕೊಂಡರೆ?

ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿ. ಕೆಲವರಿಗೆ ಶುಗರ್ ಇದೆ ಎಂದು ತಿಳಿಯುವುದೇ ಭುಜದ ನೋವಿಗೆ ಹೋದಾಗ. ಥೈರಾಯ್ಡ್ ತೊಂದರೆ ಇರುವವರಲ್ಲೂ ಫ್ರೋಜನ್ ಶೋಲ್ಡರ್ ಜಾಸ್ತಿ, ಆದ್ದರಿಂದ ಅದನ್ನೂ ನೋಡಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ಇದು ಮಾಮೂಲಿ ಭುಜದ ನೋವಲ್ಲ ಎಂದು ಹೇಗೆ ಗೊತ್ತಾಗುತ್ತದೆ?

ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಎರಡೂ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು ನಿಲ್ಲಿ. ಮೊಣಕೈ ಮಡಚಿ, ಮುಂಗೈ ನೇರ ಮುಂದಕ್ಕೆ ಚಾಚಿ. ಈಗ ಮೊಣಕೈ ಬಿಡದೆ ಎರಡೂ ಮುಂಗೈಗಳನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಸರಿ ಇರುವ ಕೈ ಆರಾಮಾಗಿ ಹೊರಗೆ ಹೋಗುತ್ತದೆ. ಫ್ರೋಜನ್ ಶೋಲ್ಡರ್ ಇರುವ ಕೈ ಅರ್ಧದಲ್ಲೇ ನಿಂತುಬಿಡುತ್ತದೆ. ಸಾಮಾನ್ಯವಾಗಿ ಮೊದಲು ಕೈಕೊಡುವ ಚಲನೆ ಇದೇ.

ಎರಡನೆಯ ಗುರುತು ಇನ್ನೂ ಮುಖ್ಯ. ಬೇರೆಯವರು ನಿಮ್ಮ ಕೈ ಎತ್ತಿದರೂ ಅದು ಮೇಲೆ ಹೋಗುವುದಿಲ್ಲ, ಒಳಗೆ ಏನೋ ತಡೆದಂತಾಗುತ್ತದೆ. ಭುಜದ ಸ್ನಾಯು ಹರಿದಿದ್ದರೆ ಹಾಗಾಗುವುದು ಕಡಿಮೆ. ಅಲ್ಲಿ ನೀವಾಗಿ ಎತ್ತಲು ಆಗುವುದಿಲ್ಲ, ಬೇರೆಯವರು ಎತ್ತಿದರೆ ಕೈ ಹೋಗುತ್ತದೆ. ಕುತ್ತಿಗೆಯ ನರದಿಂದ ಬಂದ ನೋವಾದರೆ ಬೆರಳವರೆಗೆ ಜೋಮು ಹಿಡಿಯಬಹುದು, ಕುತ್ತಿಗೆ ತಿರುಗಿಸಿದಾಗ ನೋವು ಬದಲಾಗುತ್ತದೆ.

ಎಕ್ಸ್‌ರೇಯಲ್ಲಿ ಫ್ರೋಜನ್ ಶೋಲ್ಡರ್ ಕಾಣುವುದಿಲ್ಲ, 'ನಾರ್ಮಲ್' ಎಂದೇ ಬರುತ್ತದೆ. ಅದರಿಂದ ಬೇಸರ ಬೇಡ. ಎಕ್ಸ್‌ರೇ ತೆಗೆಸುವುದು ಸವೆತ, ಕೀಲು ತಪ್ಪಿರುವುದು ಇಂಥ ಬೇರೆ ಕಾರಣಗಳನ್ನು ಬದಿಗಿಡಲು. ಎಂಆರ್‌ಐ ಎಲ್ಲರಿಗೂ ಬೇಕಾಗುವುದಿಲ್ಲ.

ರಾತ್ರಿ ನೋವು ಯಾಕೆ ಅಷ್ಟು ಜಾಸ್ತಿ? ಹೇಗೆ ಮಲಗಬೇಕು?

ಆ ಬದಿಗೆ ಹೊರಳಿದರೆ ಊದಿಕೊಂಡ ಚೀಲದ ಮೇಲೆ ಭಾರ ಬೀಳುತ್ತದೆ. ಬೆನ್ನ ಮೇಲೆ ಮಲಗಿದರೆ ಮೊಣಕೈ ಹಿಂದಕ್ಕೆ ಜಾರಿ ಚೀಲ ಎಳೆಯುತ್ತದೆ. ಬೆನ್ನ ಮೇಲೆ ಮಲಗುವುದಾದರೆ ತೋಳಿನ ಕೆಳಗೆ, ಮೊಣಕೈವರೆಗೆ ಬರುವ ಹಾಗೆ ಒಂದು ದಿಂಬು ಇಡಿ. ಪಕ್ಕಕ್ಕೆ ಮಲಗುವುದಾದರೆ ಚೆನ್ನಾಗಿರುವ ಭುಜ ಕೆಳಗಿರಲಿ, ನೋವಿರುವ ಕೈ ಎದೆಯ ಮುಂದೆ ದಿಂಬನ್ನು ತಬ್ಬಿಕೊಂಡಿರಲಿ. ಮೊದಲ ತಿಂಗಳುಗಳಲ್ಲಿ ನನಗೆ ಮಾತ್ರೆಗಿಂತ ಹೆಚ್ಚು ನಿದ್ದೆ ಕೊಟ್ಟದ್ದು ಈ ದಿಂಬು.

ನಿದ್ದೆಗೆಟ್ಟರೆ ಶುಗರ್ ಕೂಡ ಏರಬಹುದು. ಆದ್ದರಿಂದ ರಾತ್ರಿ ನೋವನ್ನು ಹಲ್ಲುಕಚ್ಚಿ ಸಹಿಸಿಕೊಳ್ಳಬೇಡಿ, ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಎಷ್ಟು ದಿನ ಇರುತ್ತದೆ?

ದಿನದ ಲೆಕ್ಕವಲ್ಲ, ತಿಂಗಳುಗಳ ಲೆಕ್ಕ. ಮೊದಲ ಹಂತದಲ್ಲಿ ನೋವು ಜಾಸ್ತಿ, ಭುಜ ಬಿಗಿಯುತ್ತಾ ಹೋಗುತ್ತದೆ. ಇದು 2ರಿಂದ 9 ತಿಂಗಳು. ಎರಡನೆಯ ಹಂತದಲ್ಲಿ ನೋವು ಇಳಿಯುತ್ತದೆ, ಬಿಗಿತ ಹಾಗೇ ಕೂತಿರುತ್ತದೆ. ಇದು 4ರಿಂದ 12 ತಿಂಗಳು. ಕೊನೆಗೆ ನಿಧಾನವಾಗಿ ಸಡಿಲವಾಗುತ್ತದೆ, ಅದಕ್ಕೆ 5 ತಿಂಗಳಿಂದ 2 ವರ್ಷದವರೆಗೂ ಹಿಡಿಯಬಹುದು. ಒಟ್ಟು ಒಂದರಿಂದ ಮೂರು ವರ್ಷ. ಶುಗರ್ ಇರುವವರಲ್ಲಿ ಇದು ಇನ್ನಷ್ಟು ಎಳೆಯುವುದುಂಟು, ಸ್ವಲ್ಪ ಬಿಗಿತ ಉಳಿದುಬಿಡುವುದೂ ಉಂಟು.

ತಾನಾಗಿಯೇ ಹೋಗುತ್ತದಂತೆ. ಸುಮ್ನೆ ಬಿಟ್ಟರೆ ಆಗಲ್ವಾ?

ಬಹಳ ಜನರಿಗೆ ಕಾಲ ಕಳೆದ ಹಾಗೆ ಕಡಿಮೆಯಾಗುತ್ತದೆ, ನಿಜ. ಆದರೆ ಪೂರ್ತಿ ಸರಿಹೋಗುತ್ತದೆ ಎಂಬುದು ಎಲ್ಲರಿಗೂ ನಿಜವಲ್ಲ, ಅದರಲ್ಲೂ ಶುಗರ್ ಇರುವವರಿಗೆ. ಒಂದೆರಡು ವರ್ಷ ತಲೆ ಬಾಚಲು, ಅಂಗಿ ತೊಡಲು ಒದ್ದಾಡುವ ಅಗತ್ಯವೂ ಇಲ್ಲ. ಮೊದಲ ಹಂತದಲ್ಲೇ ಹೋದರೆ ನೋವು ಇಳಿಸುವ ದಾರಿಗಳಿವೆ.

ವ್ಯಾಯಾಮ ಮಾಡಬೇಕೋ, ಕೈಗೆ ವಿಶ್ರಾಂತಿ ಕೊಡಬೇಕೋ?

ಎರಡು ತಪ್ಪುಗಳನ್ನು ನಾವೆಲ್ಲ ಮಾಡುತ್ತೇವೆ. ನಾನು ಎರಡನ್ನೂ ಮಾಡಿದೆ. ಮೊದಲು ನೋವಿಗೆ ಹೆದರಿ ಕೈಯನ್ನು ಹೊಟ್ಟೆಗೆ ಒತ್ತಿಕೊಂಡೇ ಓಡಾಡಿದೆ, ಭುಜ ಇನ್ನಷ್ಟು ಬಿಗಿಯಿತು. ಆಮೇಲೆ ಹಠಕ್ಕೆ ಬಿದ್ದು ನೋವಿದ್ದರೂ ಜಗ್ಗಿದೆ, ಎರಡು ವಾರ ರಾತ್ರಿಯೆಲ್ಲ ನರಳಿದೆ.

ಉರಿಯೂತ ಜೋರಾಗಿರುವಾಗ ಬಲವಂತ ಕೆಲಸ ಮಾಡುವುದಿಲ್ಲ. 2004ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ಫ್ರೋಜನ್ ಶೋಲ್ಡರ್ ಇದ್ದ 77 ಮಂದಿಯನ್ನು ಎರಡು ವರ್ಷ ಗಮನಿಸಿದರು. ನೋವಿನ ಮಿತಿಯೊಳಗೆ ಮೆಲ್ಲಗೆ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 89 ಮಂದಿಗೆ ಭುಜ ಚೆನ್ನಾಗಿ ಸುಧಾರಿಸಿತ್ತು. ನೋವು ಮೀರಿ ಜಗ್ಗಿಸಿಕೊಂಡವರಲ್ಲಿ ನೂರಕ್ಕೆ 63 ಮಂದಿಗೆ. ಅದು ಬೇರೆ ಕಾರಣವಿಲ್ಲದೆ ತಾನಾಗಿ ಬಂದ ಫ್ರೋಜನ್ ಶೋಲ್ಡರ್ ಬಗ್ಗೆ ಮಾಡಿದ ಚಿಕ್ಕ ಅಧ್ಯಯನ. ಆದರೂ ನನ್ನ ಅನುಭವಕ್ಕೆ ಅದು ಪೂರಾ ಹೊಂದಿತು.

ನೋವು ಜಾಸ್ತಿ ಇರುವ ತಿಂಗಳುಗಳಲ್ಲಿ ಲೋಲಕದ ವ್ಯಾಯಾಮ ಒಳ್ಳೆಯದು. ಚೆನ್ನಾಗಿರುವ ಕೈಯನ್ನು ಮೇಜಿನ ಮೇಲೆ ಊರಿ, ಸೊಂಟ ಬಗ್ಗಿಸಿ, ನೋವಿರುವ ಕೈಯನ್ನು ಜೋತುಬಿಡಿ. ದೇಹವನ್ನು ಮೆಲ್ಲಗೆ ಆಡಿಸಿದರೆ ಕೈ ತಾನೇ ತೂಗುತ್ತದೆ. ಭುಜದ ಸ್ನಾಯುವಿಗೆ ಕೆಲಸ ಕೊಡಬಾರದು, ಅದೇ ಇದರ ಗುಟ್ಟು. ಬೆನ್ನ ಮೇಲೆ ಮಲಗಿ, ಚೆನ್ನಾಗಿರುವ ಕೈಯಿಂದ ನೋವಿರುವ ಕೈಯ ಮಣಿಕಟ್ಟು ಹಿಡಿದು ತಲೆಯ ಕಡೆಗೆ ಎತ್ತುವುದೂ ಸುಲಭ.

ನೋವು ಇಳಿದ ಮೇಲೆ ಹಿಗ್ಗಿಸುವ ಸಮಯ. ಮಲಗಿಕೊಂಡು ಎರಡೂ ಕೈಯಲ್ಲಿ ಒಂದು ಕೋಲು ಹಿಡಿಯಿರಿ. ಮೊಣಕೈ ಪಕ್ಕೆಗೆ ಅಂಟಿರಲಿ. ಚೆನ್ನಾಗಿರುವ ಕೈಯಿಂದ ಕೋಲನ್ನು ತಳ್ಳಿ ನೋವಿರುವ ಕೈಯ ಮುಂಗೈಯನ್ನು ಹೊರಕ್ಕೆ ತಿರುಗಿಸಿ, 15-20 ಸೆಕೆಂಡು ಹಿಡಿದು ಬಿಡಿ. ಗೋಡೆಯ ಮೇಲೆ ಬೆರಳುಗಳಿಂದ ಹತ್ತುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಿನ ಕೈಯಿಂದ ಕೆಳಗಿನ ಕೈಯನ್ನು ಎಳೆಯುವುದು ಆಮೇಲೆ ಬರಲಿ. ಒಂದೇ ಸಲ ಅರ್ಧ ಗಂಟೆ ಮಾಡುವುದಕ್ಕಿಂತ ದಿನಕ್ಕೆ ಮೂರ್ನಾಲ್ಕು ಸಲ ಐದೈದು ನಿಮಿಷ ಮಾಡುವುದು ಒಳ್ಳೆಯದು. ಬಿಸಿನೀರಿನ ಸ್ನಾನ ಮುಗಿದ ಕೂಡಲೇ ಮಾಡಿದರೆ ಇನ್ನೂ ಸಲೀಸು.

ಎಷ್ಟು ನೋವು ಸರಿ? ಎಳೆದಂತಾಗಿ, ಬಿಟ್ಟ ಮೇಲೆ ಸ್ವಲ್ಪ ಹೊತ್ತಿಗೆ ಇಳಿದರೆ ಸರಿ. ಆ ರಾತ್ರಿ ನೋವು ಏರಿದರೆ ಮರುದಿನ ಅರ್ಧಕ್ಕೆ ಇಳಿಸಿ. ಕ್ರಮ ತಿಳಿಯಲು ಒಂದೆರಡು ಸಲವಾದರೂ ಫಿಸಿಯೋಥೆರಪಿಸ್ಟರ ಕಣ್ಣೆದುರು ಮಾಡಿ.

ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡರೆ ಶುಗರ್ ಏರುತ್ತದಾ?

ಏರುತ್ತದೆ. ಇದನ್ನು ಮೊದಲೇ ತಿಳಿದಿರುವುದು ತುಂಬಾ ಮುಖ್ಯ. ಇಂಜೆಕ್ಷನ್ ಕೀಲಿಗೆ ಕೊಟ್ಟರೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಮೊದಲ ಎರಡು ಮೂರು ದಿನ ಶುಗರ್ ಜಾಸ್ತಿ ಇರುತ್ತದೆ, ಕೆಲವರಲ್ಲಿ ಒಂದು ವಾರದವರೆಗೂ. ಆಮೇಲೆ ಇಳಿಯುತ್ತದೆ.

ಹಾಗೆಂದು ಇಂಜೆಕ್ಷನ್ನೇ ಬೇಡ ಎನ್ನುವ ಅಗತ್ಯವಿಲ್ಲ. ನೋವಿನ ಹಂತದಲ್ಲಿ ಅದು ಒಳ್ಳೆಯ ಉಪಶಮನ ಕೊಡುತ್ತದೆ. ಕೆಲವು ವಾರಗಳ ಆ ನೆಮ್ಮದಿಯಲ್ಲಿ ವ್ಯಾಯಾಮ ಮುಂದುವರಿಸಬಹುದು. ಆದರೆ ಇಂಜೆಕ್ಷನ್ ಕೊಡುವವರಿಗೆ ನಿಮಗೆ ಶುಗರ್ ಇದೆ ಎಂದು ನೀವೇ ಹೇಳಿ. ಭುಜ ನೋಡುವವರು ಬೇರೆ, ಶುಗರ್ ನೋಡುವವರು ಬೇರೆ ಆಗಿದ್ದರೆ ಈ ಮಾತು ನಡುವೆ ಕಳೆದುಹೋಗುತ್ತದೆ. ನನಗೆ ಹಾಗೇ ಆಯಿತು. ಯಾರೂ ಕೇಳಲಿಲ್ಲ, ನನಗೂ ಹೇಳಬೇಕೆಂದು ತೋಚಲಿಲ್ಲ. ಮರುದಿನ ಮೀಟರ್‌ನಲ್ಲಿ ಬಂದ ಸಂಖ್ಯೆ ನೋಡಿ ಮೀಟರೇ ಕೆಟ್ಟಿದೆ ಎಂದುಕೊಂಡೆ.

ಶುಗರ್ ಈಗಾಗಲೇ ತುಂಬಾ ಮೇಲಿದ್ದರೆ ಇಂಜೆಕ್ಷನ್ ಮುಂದೂಡುವುದು ವಾಸಿಯೇ ಎಂದು ಕೇಳಿ. ತೆಗೆದುಕೊಂಡ ಮೇಲೆ ಒಂದು ವಾರ ದಿನಕ್ಕೆ ಹೆಚ್ಚು ಸಲ ಪರೀಕ್ಷಿಸಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನಗಳ ಡೋಸ್ ಬಗ್ಗೆ ಮೊದಲೇ ಮಾತಾಡಿಕೊಂಡಿರಲಿ. ವಿಪರೀತ ಬಾಯಾರಿಕೆ, ವಾಂತಿ, ಮಂಪರು ಬಂದರೆ ಕಾಯಬೇಡಿ.

ನೋವಿನ ಮಾತ್ರೆ ದಿನಾ ನುಂಗಬಹುದಾ?

ಡಾಕ್ಟರನ್ನು ಕೇಳದೆ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಂಪಿನ ಮಾತ್ರೆಗಳು ಕಿಡ್ನಿಗೂ ಹೊಟ್ಟೆಗೂ ಹೊರೆ, ಬಿಪಿ ಏರಿಸಬಹುದು. ಶುಗರ್ ಇರುವವರ ಕಿಡ್ನಿ ಮೊದಲೇ ಸೂಕ್ಷ್ಮ.

ಬಿಸಿ ಶಾಖ ಕೊಡಬಹುದಾ?

ಕೊಡಬಹುದು, ಸ್ನಾಯು ಸಡಿಲವಾಗುತ್ತದೆ. ಆದರೆ ಶುಗರ್‌ನಿಂದ ಚರ್ಮದ ಸ್ಪರ್ಶ ಕಡಿಮೆಯಾಗಿದ್ದರೆ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ, ಬಿಸಿ ಎಷ್ಟಿದೆ ಎಂದು ಮನೆಯ ಇನ್ನೊಬ್ಬರಿಂದ ನೋಡಿಸಿ. ಅದನ್ನು ಇಟ್ಟುಕೊಂಡೇ ನಿದ್ದೆ ಹೋಗಬೇಡಿ.

ಆಪರೇಷನ್ ಬೇಕಾಗುತ್ತದಾ?

ಹೆಚ್ಚಿನವರಿಗೆ ಬೇಕಾಗುವುದಿಲ್ಲ. ತಿಂಗಳುಗಟ್ಟಲೆ ಪ್ರಯತ್ನಿಸಿಯೂ ಭುಜ ಬಿಡದಿದ್ದರೆ ಮೂರು ದಾರಿಗಳಿವೆ. ಕೀಲಿನೊಳಗೆ ದ್ರವ ತುಂಬಿಸಿ ಚೀಲ ಹಿಗ್ಗಿಸುವುದು ಒಂದು. ಅರಿವಳಿಕೆ ಕೊಟ್ಟು, ನೀವು ನಿದ್ದೆಯಲ್ಲಿರುವಾಗ ಡಾಕ್ಟರು ಕೈ ತಿರುಗಿಸಿ ಬಿಡಿಸುವುದು ಇನ್ನೊಂದು. ಸಣ್ಣ ರಂಧ್ರದ ಮೂಲಕ ದುರ್ಬೀನು ಹಾಕಿ ಬಿಗಿದ ಚೀಲವನ್ನು ಕತ್ತರಿಸುವುದು ಮೂರನೆಯದು.

ಬ್ರಿಟನ್ನಿನಲ್ಲಿ 503 ಮಂದಿಯ ಮೇಲೆ ನಡೆದ ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಈ ಕೊನೆಯ ಎರಡನ್ನು ಇಂಜೆಕ್ಷನ್ ಸಹಿತ ಫಿಸಿಯೋಥೆರಪಿಗೆ ಹೋಲಿಸಿದರು. ಒಂದು ವರ್ಷದ ಹೊತ್ತಿಗೆ ಯಾವುದೂ ಉಳಿದವನ್ನು ಸ್ಪಷ್ಟವಾಗಿ ಮೀರಿಸಲಿಲ್ಲ. ಇದನ್ನು ತಿಳಿದ ಮೇಲೆ ಆತುರಪಡುವುದು ಬೇಡ ಎಂದು ನನಗನ್ನಿಸಿತು. ಆಪರೇಷನ್ ಆದರೂ ವ್ಯಾಯಾಮ ತಪ್ಪುವುದಿಲ್ಲ, ಶುಗರ್ ಇರುವವರಲ್ಲಿ ಬಿಗಿತ ಮರಳುವ ಸಾಧ್ಯತೆಯೂ ಹೆಚ್ಚು.

ತೋಳಿಗೆ ಇನ್ಸುಲಿನ್ ಚುಚ್ಚಿಕೊಂಡದ್ದರಿಂದ ಹೀಗಾಯಿತಾ?

ಇಲ್ಲ. ಇನ್ಸುಲಿನ್ ಹೋಗುವುದು ಚರ್ಮದ ಕೆಳಗಿನ ಕೊಬ್ಬಿಗೆ, ಕೀಲಿಗಲ್ಲ. ಆದರೆ ಭುಜ ಬಿಗಿದ ಮೇಲೆ ತೋಳಿನ ಹಿಂಭಾಗಕ್ಕೆ ಕೈ ನಿಲುಕುವುದಿಲ್ಲ. ಆಗ ಹೊಟ್ಟೆ ಅಥವಾ ತೊಡೆಗೆ ಬದಲಿಸಿ. ಹೊಟ್ಟೆಯಿಂದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುವುದರಿಂದ ಬದಲಿಸಿದ ದಿನಗಳಲ್ಲಿ ಶುಗರ್ ಗಮನಿಸುತ್ತಿರಿ.

ಕೈಬೆರಳುಗಳೂ ಬಿಗಿಯಾಗಿವೆ. ಇದೂ ಅದರ ಭಾಗವೇ?

ಆಗಿರಬಹುದು. ಕೈ ಮುಗಿದಂತೆ ಎರಡೂ ಅಂಗೈ ಜೋಡಿಸಿ ನೋಡಿ. ಅಂಗೈ, ಬೆರಳು ಪೂರ್ತಿ ತಾಗಬೇಕು. ಬೆರಳುಗಳ ನಡುವೆ ಸಂದು ಉಳಿದರೆ ಬೆರಳ ಕೀಲುಗಳು ಬಿಗಿದಿವೆ ಎಂದರ್ಥ. ಅಂಗೈಯನ್ನು ಮೇಜಿಗೆ ಒತ್ತಿದಾಗಲೂ ಬೆರಳು ಚಪ್ಪಟೆಯಾಗಿ ಕೂರುವುದಿಲ್ಲ. ಸಾಮಾನ್ಯವಾಗಿ ನೋವಿರುವುದಿಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಆದರೆ ಹೀಗಿರುವವರಲ್ಲಿ ಕಣ್ಣು, ಕಿಡ್ನಿಯ ತೊಂದರೆಯೂ ಹೆಚ್ಚಾಗಿ ಕಾಣುತ್ತದೆ. ಈ ಸಂದು ಕಂಡರೆ ಕಣ್ಣಿನ ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಡಿ ಎಂದು ಕೈ ಹಿಡಿದು ಹೇಳುತ್ತೇನೆ.

ಬೆರಳು ಮಡಚಿದಾಗ ಸಿಕ್ಕಿಹಾಕಿಕೊಂಡು, ಬಿಡಿಸುವಾಗ 'ಟಕ್' ಎಂದರೆ ಅದು ಟ್ರಿಗರ್ ಫಿಂಗರ್. ಹೆಬ್ಬೆರಳು, ಉಂಗುರ ಬೆರಳಿನಲ್ಲಿ ಜಾಸ್ತಿ. ಅಂಗೈಯಲ್ಲಿ ಗಂಟು ಗಂಟಾಗಿ ಬೆರಳು ಒಳಕ್ಕೆ ಬಾಗುತ್ತಾ ಬಂದರೆ ಡುಪ್ಯುಟ್ರೆನ್. ಹೆಬ್ಬೆರಳು, ತೋರು ಬೆರಳು, ನಡು ಬೆರಳಿಗೆ ರಾತ್ರಿ ಜೋಮು ಹಿಡಿದು, ಕೈ ಒದರಿದರೆ ಹೋಗುವುದು ಕಾರ್ಪಲ್ ಟನಲ್. ಮೂರೂ ಶುಗರ್ ಇರುವವರಲ್ಲಿ ಹೆಚ್ಚು, ಮೂರಕ್ಕೂ ಚಿಕಿತ್ಸೆ ಇದೆ.

ಪಾದ ಊದಿದೆ, ಬಿಸಿಯಾಗಿದೆ, ಆದರೆ ಅಷ್ಟೇನೂ ನೋವಿಲ್ಲ. ಕಾಯಬಹುದಾ?

ಕಾಯಬೇಡಿ. ಆ ಪಾದದ ಮೇಲೆ ಭಾರ ಹಾಕದೆ ಇವತ್ತೇ ತೋರಿಸಿ. ನರದ ಸ್ಪರ್ಶ ಹೋದ ಪಾದದಲ್ಲಿ ಮೂಳೆಗಳು ಸದ್ದಿಲ್ಲದೆ ಮುರಿಯುತ್ತಾ, ಕೀಲುಗಳು ಜಾರುತ್ತಾ ಹೋಗಬಹುದು. ಇದಕ್ಕೆ ಶಾರ್ಕೊ ಫುಟ್ ಎನ್ನುತ್ತಾರೆ. ಶುರುವಿನಲ್ಲಿ ಎಕ್ಸ್‌ರೇ ಕೂಡ ನಾರ್ಮಲ್ ಎಂದು ಬರಬಹುದು. ಉಳುಕು ಎಂದುಕೊಂಡು ನಡೆದಾಡಿದರೆ ಪಾದದ ಆಕಾರವೇ ಕೆಡುತ್ತದೆ. ಬೇಗ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿ ಭಾರ ತಪ್ಪಿಸಿದರೆ ಪಾದ ಉಳಿಯುತ್ತದೆ.

ಶುಗರ್ ಮಾತ್ರೆಯಿಂದಲೇ ಕೀಲು ನೋವು ಬರುತ್ತದಾ?

ಅಪರೂಪಕ್ಕೆ. ಸಿಟಾಗ್ಲಿಪ್ಟಿನ್‌ನಂಥ ಗ್ಲಿಪ್ಟಿನ್ ಮಾತ್ರೆಗಳಿಂದ ಕೆಲವರಿಗೆ ತೀವ್ರ ಕೀಲು ನೋವು ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಸಿತ್ತು. ಮಾತ್ರೆ ಶುರುವಾದ ಮೇಲೆ ನೋವು ಬಂದಿದ್ದರೆ ಡಾಕ್ಟರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಯಾವಾಗ ತಡಮಾಡದೆ ಓಡಬೇಕು?

ಎಡ ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು, ಏನೋ ವಿಪರೀತ ಸುಸ್ತು ಇದ್ದರೆ ಅದು ಹೃದಯದ್ದಿರಬಹುದು. ಶುಗರ್ ಇರುವವರಲ್ಲಿ ಹೃದಯಾಘಾತ ಎದೆ ನೋವಿಲ್ಲದೆಯೂ ಬರುತ್ತದೆ. ಕೀಲು ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಸೋಂಕಿರಬಹುದು. ಬಿದ್ದ ಮೇಲೆ ಅಥವಾ ಶುಗರ್ ತೀರಾ ಇಳಿದು ಫಿಟ್ಸ್ ಬಂದ ಮೇಲೆ ಭುಜ ತಿರುಗದಿದ್ದರೆ ಕೀಲು ಹಿಂದಕ್ಕೆ ಜಾರಿರಬಹುದು. ಅದೂ ಫ್ರೋಜನ್ ಶೋಲ್ಡರ್ ಥರವೇ ಕಾಣುತ್ತದೆ.

ಇನ್ನೊಂದು ಭುಜಕ್ಕೂ ಬರುತ್ತದಾ?

ಬರಬಹುದು. ಒಮ್ಮೆ ವಾಸಿಯಾದ ಭುಜಕ್ಕೆ ಮತ್ತೆ ಬರುವುದು ಅಪರೂಪ. ಆದರೆ ಎರಡನೆಯ ಭುಜ ಬಿಗಿಯುವುದು ಶುಗರ್ ಇರುವವರಲ್ಲಿ ಉಳಿದವರಿಗಿಂತ ಜಾಸ್ತಿ. ನಾನು ಈಗಲೂ ಪ್ರತಿ ಭಾನುವಾರ ಬೆಳಿಗ್ಗೆ ಮೊಣಕೈ ಪಕ್ಕೆಗೆ ಒತ್ತಿಕೊಂಡು ಎರಡೂ ಮುಂಗೈ ಹೊರಕ್ಕೆ ತಿರುಗಿಸಿ ನೋಡುತ್ತೇನೆ, ಕೈ ಮುಗಿದು ಬೆರಳ ಸಂದು ನೋಡುತ್ತೇನೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಬಲಗೈ ಒಂದಿಷ್ಟು ಹಿಂದೆ ಬಿದ್ದರೂ ಈ ಸಲ ನಾಲ್ಕು ತಿಂಗಳು ಕಾಯುವುದಿಲ್ಲ, ಅದೇ ವಾರ ಹೋಗಿ ತೋರಿಸುತ್ತೇನೆ.